ಆ ಬಿಳಿ ಕಾರು ವಾಪಸ್ ಬೇಕಿತ್ತು

ನ್ಯಾಮತಿ
12 ಫೆಬ್ರವರಿ 2024

ಶ್ರೀ ರಂಗಣ್ಣನವರಿಗೆ,

ನ್ಯಾಮತಿಯಿಂದ ಪ್ರೇಮಮ್ಮ ಮಾಡುವ ಶರಣು. ನಾನು ಯಾರೆಂದು ನಿಮಗೆ ತಟ್ಟನೆ ನೆನಪಾಗಲಿಕ್ಕಿಲ್ಲ. ಹೋದ ವರ್ಷ ಯುಗಾದಿಗೆ ಮುಂಚೆ ನೀವು ನಮ್ಮ ಮನೆಗೆ ಬಂದು ಹಳೆಯ ಬಿಳಿ ಕಾರನ್ನು ಕೊಂಡುಹೋದಿರಿ. ಜವಳಿ ಅಂಗಡಿ ಮಲ್ಲಿಕಾರ್ಜುನಪ್ಪನವರ ಹೆಂಡತಿ ನಾನು. ಅವತ್ತು ನಿಮ್ಮ ಮನೆಯವರು ಗಾದ್ರಮ್ಮನೂ ಬಂದಿದ್ದರು. ಹಿಂದಿನ ಸೀಟಿನಲ್ಲಿ ಕಾಲು ಮಡಿಸಿ ಕೂತು, “ಏನ್ರೀ ಇದು, ಮನೆ ಜಗಲಿ ಇದ್ದಂಗೈತೆ!” ಎಂದು ನಕ್ಕಿದ್ದರು. ಆ ನಗು ನನಗೆ ಇನ್ನೂ ಕೇಳಿಸುತ್ತದೆ.

ನಮ್ಮವರು ಈಗ ಇಲ್ಲ. ನಿಮಗೆ ಸುದ್ದಿ ಮುಟ್ಟಿತೋ ಇಲ್ಲವೋ. ದೀಪಾವಳಿಗೆ ಮಾಲು ತರಲು ಮಗ ಸತೀಶನ ಜೊತೆ ಶಿವಮೊಗ್ಗಕ್ಕೆ ಹೋಗಿದ್ದರು, ಹೊಸ ಕಾರಿನಲ್ಲಿ. ಬರುವಾಗ ಸವಳಂಗ ದಾಟಿದ ಮೇಲೆ, ಕತ್ತಲಾಗುವ ಹೊತ್ತು, ಕೆಟ್ಟು ನಿಂತ ಲಾರಿಯೊಂದಿತ್ತಂತೆ. ಹಿಂದೆ ದೀಪವಿರಲಿಲ್ಲವಂತೆ. ಕಾರಿನ ಮೂತಿ ಇಸ್ತ್ರಿ ಮಾಡದ ಬಟ್ಟೆಯ ಹಾಗೆ ಮುದುರಿತ್ತು. ಇವರು ಜಾಗದಲ್ಲೇ ಹೋದರು. ಓಡಿಸುತ್ತಿದ್ದ ಮಗ ಬದುಕಿದ.

ಹಳೆಯ ಕಾರನ್ನು ಮಾರಿಸಿದವನು ಆ ಮಗನೇ. ಅದರ ಕಬ್ಬಿಣ ಎಂಥದ್ದೆಂದು ನಿಮಗೆ ಗೊತ್ತಲ್ಲ. ಒಮ್ಮೆ ಹೊನ್ನಾಳಿ ಸಂತೆಯ ಹತ್ತಿರ ಎತ್ತಿನ ಗಾಡಿಗೆ ಬಡಿದಾಗ ಗಾಡಿಯ ಚಕ್ರ ಮುರಿಯಿತು, ನಮ್ಮ ಕಾರಿಗೆ ಬಣ್ಣ ಕೂಡ ಹೋಗಲಿಲ್ಲ. ಅದರಲ್ಲಿ ಹೋಗಿದ್ದರೆ ನಮ್ಮವರು ಉಳಿಯುತ್ತಿದ್ದರು.

ಆ ಕಾರು ನನಗೆ ವಾಪಸ್ ಬೇಕು. ನೀವು ಹೇಳಿದ ಬೆಲೆ ಕೊಡುತ್ತೇನೆ. ಓಡಿಸಲು ಅಲ್ಲ. ಅಂಗಳದಲ್ಲಿ ಅದು ನಿಲ್ಲುತ್ತಿದ್ದ ಜಾಗ ಖಾಲಿ ಇದೆ.

ದಯವಿಟ್ಟು ಫೋನ್ ಮಾಡಬೇಡಿ. ಫೋನು ಮಗ ಸೊಸೆಯ ಕೈಯಲ್ಲಿರುತ್ತದೆ. ನಮ್ಮವರು ಮಣ್ಣಾದ ದಿನದಿಂದ ನಾನು ಸತೀಶನ ಜೊತೆ ಮಾತು ಬಿಟ್ಟಿದ್ದೇನೆ. ನಿಮ್ಮ ವಿಳಾಸ ಕಾರು ಮಾರಿದ ಕಾಗದದಲ್ಲಿ ಸಿಕ್ಕಿತು.

ಗಾದ್ರಮ್ಮನಿಗೆ ನನ್ನ ಶರಣು ಹೇಳಿ.

ಇತಿ,
ಪ್ರೇಮಮ್ಮ


ಸೊಕ್ಕೆ, ಜಗಳೂರು ತಾಲ್ಲೂಕು
19 ಮಾರ್ಚ್ 2024

ಅಮ್ಮಾವರಿಗೆ,

ರಂಗಣ್ಣನ ನಮಸ್ಕಾರಗಳು. ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ತಡ ಮಾಡಿದ್ದಕ್ಕೆ ಕ್ಷಮೆ ಇರಲಿ. ಯಜಮಾನರ ಸುದ್ದಿಯ ಸಾಲನ್ನು ಎರಡು ಸಲ ಓದಿದೆ. ದೊಡ್ಡ ಮನುಷ್ಯರು. ಕಾರಿನ ಬೀಗದ ಕೈ ಕೊಡುವಾಗ ಇನ್ನೊಂದು ಕೈಯನ್ನು ಬಾನೆಟ್ಟಿನ ಮೇಲೆ ಇಟ್ಟುಕೊಂಡೇ ನಿಂತಿದ್ದರು.

ಕಾರನ್ನು ಕೊಡಲು ಈಗ ಆಗುವುದಿಲ್ಲ. ಮದುವೆ ಸೀಸನ್ನು. ನಮ್ಮದು ಶಾಮಿಯಾನ, ಲೈಟಿನ ವ್ಯಾಪಾರ ಎಂದು ನಿಮಗೆ ಗೊತ್ತೇ ಇದೆ. ಈಗಿನ ಹುಡುಗರಿಗೆ ಮದುಮಗನ ಮೆರವಣಿಗೆಗೆ ಹಳೆಯ ಕಾರೇ ಬೇಕು. ಆದ್ದರಿಂದ ಬೇಸರ ಮಾಡಿಕೊಳ್ಳಬೇಡಿ.

ಇಲ್ಲಿ ಎಲ್ಲ ಇದ್ದ ಹಾಗೆ ಇದೆ.

ರಂಗಣ್ಣ


ನ್ಯಾಮತಿ
27 ಮಾರ್ಚ್ 2024

ರಂಗಣ್ಣನವರಿಗೆ,

ನಿಮ್ಮ ಕಾಗದ ತಲುಪಿತು. ವ್ಯಾಪಾರದವರ ಮನೆಯಲ್ಲಿ ಬದುಕಿದವಳು ನಾನು. “ಈಗ ಆಗುವುದಿಲ್ಲ” ಎಂದರೆ ಏನರ್ಥವೆಂದು ತಿಳಿಯುತ್ತದೆ. ನಾನು ಚೌಕಾಶಿ ಮಾಡುವವಳಲ್ಲ, ನಿಮ್ಮ ಮನಸ್ಸಿನಲ್ಲಿರುವುದನ್ನು ನೇರವಾಗಿ ಬರೆಯಿರಿ.

ನಿಮಗದು ಮೆರವಣಿಗೆಯ ಕಾರು. ನಾನು ಚನ್ನಗಿರಿಯ ತವರಿನಿಂದ ಈ ಮನೆಗೆ ಬಂದದ್ದೇ ಅದರಲ್ಲಿ. ಮುಂದಿನ ಸೀಟು ಒಂದೇ ಉದ್ದಕ್ಕೆ ಇತ್ತಲ್ಲ, ಮಾವನವರು, ಇವರು, ನಡುವೆ ಹಣ್ಣಿನ ಬುಟ್ಟಿ. ಗೇರು ಸ್ಟೇರಿಂಗ್ ಪಕ್ಕದಲ್ಲಿದ್ದದ್ದರಿಂದ ಬುಟ್ಟಿಗೆ ತೊಂದರೆಯಾಗಲಿಲ್ಲ. ಕಿಟಕಿಯ ಮೂಲೆಯ ತಿರುಗಿಸುವ ಗಾಜನ್ನು ತೆರೆದರೆ ಗಾಳಿ ನೇರ ಮುಖಕ್ಕೆ ಬೀಸುತ್ತಿತ್ತು. ದಾರಿಯಲ್ಲಿ ಯಾರ ಹೊಲದಲ್ಲಿ ಏನು ಬೆಳೆದಿದೆಯೆಂದು ವಾಸನೆಯಲ್ಲೇ ಹೇಳಬಹುದಿತ್ತು.

ಹೊಸದರಲ್ಲಿ ಗಾಜು ಇಳಿಸುವ ಹಾಗಿಲ್ಲ. “ಅಮ್ಮಾ, ಎಸಿ ಹಾಕೀನಿ, ಗ್ಲಾಸ್ ಏರ್ಸು” ಎನ್ನುತ್ತಿದ್ದ ಸತೀಶ. ಒಳಗೆ ಕೂತರೆ ಯಾವ ಊರು ಬಂತು, ಯಾವ ಊರು ಹೋಯಿತು ಗೊತ್ತಾಗುತ್ತಿರಲಿಲ್ಲ. ಹಿಂದೆ ಹೋಗಬೇಕಾದರೆ ಟಿವಿಯಲ್ಲಿ ನೋಡಿಕೊಂಡು ಹೋಗಬೇಕು. ಅದಕ್ಕೂ ಇದಕ್ಕೂ ಕುಂಯ್ ಕುಂಯ್ ಎಂದು ಕೂಗುವುದು ಬೇರೆ. ನಮ್ಮವರಿಗೆ ಸಿಟ್ಟು ಬರುತ್ತಿತ್ತು. “ಕಾರು ನಾನು ತಗಂಡೀನೋ, ಕಾರೇ ನನ್ನ ತಗಂಡೈತೋ!” ಎನ್ನುತ್ತಿದ್ದರು. ಹಳೆಯದು ಒಂದು ದಿನವೂ ಅವರ ಮೇಲೆ ಕೂಗಿದ್ದಿಲ್ಲ.

ಅಷ್ಟು ಓಡಿಸಿದರೂ ಅದು ಯಾರ ಮೈಗೂ ಒಂದು ಗೀರು ಮಾಡಲಿಲ್ಲ. ತಗಡಿನ ಡಬ್ಬಿ ಬಂದ ಏಳೆಂಟು ತಿಂಗಳಿಗೆ ಮನೆಯ ಯಜಮಾನನನ್ನೇ ತಿಂದಿತು. ಇದನ್ನು ತಂದವನ ಮುಖವನ್ನು ನಾನು ಹೇಗೆ ನೋಡಲಿ, ನೀವೇ ಹೇಳಿ.

ಪ್ರೇಮಮ್ಮ


ಸೊಕ್ಕೆ
20 ಏಪ್ರಿಲ್ 2024

ಅಮ್ಮಾವರಿಗೆ ನಮಸ್ಕಾರ,

ಹೆಚ್ಚಿಗೆ ದುಡ್ಡು ಕೇಳಬೇಕೆಂಬ ಆಸೆ ನನಗಿಲ್ಲ. ದಯವಿಟ್ಟು ಹಾಗೆ ತಿಳಿಯಬೇಡಿ.

ನಾನೂ ಎರಡೂ ತರದ ಕಾರುಗಳನ್ನು ಬಾಡಿಗೆಗೆ ಕಳಿಸಿದವನು. ಹಳೆಯದು ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಅದರ ಕಬ್ಬಿಣ ಗಟ್ಟಿಯಾಗಿದ್ದರೆ ಪೆಟ್ಟು ಎಲ್ಲಿಗೆ ಹೋಗುತ್ತದೆ? ಒಳಗಿದ್ದವರ ಮೈಗೇ ಹೋಗುತ್ತದೆ. ಹೊಸ ಕಾರುಗಳ ಮೂತಿ ಮುದುರಲಿ ಎಂದೇ ಹಾಗೆ ಮಾಡುತ್ತಾರಂತೆ, ಪೆಟ್ಟನ್ನು ಅದು ತಾನೇ ತಿನ್ನಲಿ ಎಂದು. ಇದನ್ನು ವಾದಕ್ಕೆ ಬರೆಯುತ್ತಿಲ್ಲ. ನಿಮ್ಮ ಮಗ ಕೆಟ್ಟದ್ದು ಬಯಸಿ ಅದನ್ನು ತಂದಿರಲಿಕ್ಕಿಲ್ಲ, ಅಷ್ಟನ್ನೇ ಹೇಳಬೇಕೆನಿಸಿತು. ಅವನೂ ಆ ಕಾರಿನಲ್ಲೇ ಇದ್ದನಲ್ಲಮ್ಮ.

ಅವನು ಹೇಗಿದ್ದಾನೆ? ನೀವು ಬರೆದೇ ಇಲ್ಲ.

ಕಾರು ನೆರಳಿನಲ್ಲಿದೆ. ಅದರ ಚಿಂತೆ ಮಾಡಬೇಡಿ.

ರಂಗಣ್ಣ


ನ್ಯಾಮತಿ
2 ಮೇ 2024

ರಂಗಣ್ಣನವರೇ,

ಮಗ ಹೇಗಿದ್ದಾನೆ ಎಂದು ಕೇಳಿದ್ದೀರಿ. ಇದ್ದಾನೆ. ಬೆಳಿಗ್ಗೆ ಅಂಗಡಿಗೆ ಹೋಗುತ್ತಾನೆ, ರಾತ್ರಿ ಬರುತ್ತಾನೆ. ಊಟಕ್ಕೂ ಮನೆಗೆ ಬರುವುದಿಲ್ಲ, ಸೊಸೆ ಪ್ರಮೀಳಾ ಡಬ್ಬಿ ಕಳಿಸುತ್ತಾಳೆ. ನನ್ನ ಮುಖ ನೋಡಲು ಅವನಿಗೆ ಧೈರ್ಯವಿಲ್ಲ.

ಕಾರು ನೆರಳಿನಲ್ಲಿದೆ ಎಂದಿರಿ. ಅಷ್ಟೇ ಸಾಕೆನಿಸಿತು. ನೀವು ಒಳ್ಳೆಯವರು, ಹಿಂದಿನ ಕಾಗದದಲ್ಲಿ ನಾನು ಒರಟಾಗಿ ಬರೆದೆ. ಕೊಡದಿದ್ದರೂ ಚಿಂತೆಯಿಲ್ಲ, ಚೆನ್ನಾಗಿ ನೋಡಿಕೊಳ್ಳಿ. ಅದರ ಸ್ವಭಾವ ನಿಮಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ಚಳಿಗಾಲದ ಬೆಳಿಗ್ಗೆ ಒಮ್ಮೆಲೇ ಎಬ್ಬಿಸಬೇಡಿ, ಚೋಕು ಎಳೆದು ಸ್ವಲ್ಪ ಹೊತ್ತು ಬಿಡಬೇಕು. ಏರಿನಲ್ಲಿ ಹೊಗೆ ಕಂಡರೆ ನೀರು ಕುಡಿಸಬೇಕು. ಮಳೆ ಬಂದರೆ ಇವರ ಕಾಲಿನ ಹತ್ತಿರ ಸೋರುತ್ತದೆ, ಅಲ್ಲೊಂದು ಗೋಣಿಚೀಲ ಹಾಸುತ್ತಿದ್ದೆ. ಎಡಗಡೆಯ ಹಿಂಬಾಗಿಲು ಸುಳ್ಳು ಬಾಗಿಲು. ಹಾಕಿಕೊಂಡ ಹಾಗೆ ಕಾಣುತ್ತದೆ, ತಿರುವಿನಲ್ಲಿ ಬಿಚ್ಚಿಕೊಳ್ಳುತ್ತದೆ. ನಾನು ಯಾವಾಗಲೂ ಅದನ್ನು ಕೈಯಲ್ಲಿ ಹಿಡಿದೇ ಕೂರುತ್ತಿದ್ದೆ. “ನಿಮ್ಮತ್ತೆ ಕೈ ಹಿಡಿದು ಕರ್ಕಂಡು ಹೋಗೋದು ನಾನಲ್ಲ, ಆ ಬಾಗ್ಲು” ಎಂದು ಇವರು ಪ್ರಮೀಳಾಗೆ ಹೇಳಿ ನಗುತ್ತಿದ್ದರು.

ಗಾದ್ರಮ್ಮ ಹಿಂದೆ ಕೂರುವುದಾದರೆ ಬಾಗಿಲು ಹಿಡಿದುಕೊಳ್ಳಲು ಹೇಳಿ.

ನಿಮ್ಮ ಮನೆಯವರ ಒಂದು ಮಾತೂ ನಿಮ್ಮ ಕಾಗದದಲ್ಲಿ ಇರುವುದಿಲ್ಲ. ಗಂಡಸರೇ ಹೀಗೆ. ಮುಂದಿನ ಸಲ ಅವರೇ ಎರಡು ಸಾಲು ಬರೆಯಲಿ.

ಪ್ರೇಮಮ್ಮ


ನ್ಯಾಮತಿ
14 ಜೂನ್ 2024

ರಂಗಣ್ಣನವರೇ,

ಉತ್ತರವಿಲ್ಲ. ನನ್ನ ಮಾತಿನಲ್ಲಿ ಏನಾದರೂ ತಪ್ಪಾಯಿತೇ? ಗಾದ್ರಮ್ಮನಿಗೆ ಬರೆಯಲು ಹೇಳಿದ್ದು ಸಲುಗೆಯಾಯಿತೇನೋ. ಕಾರಿನ ವಿಷಯ ಇನ್ನು ಕೇಳುವುದಿಲ್ಲ. ಕ್ಷೇಮವಾಗಿದ್ದೀರೆಂದು ಒಂದು ಸಾಲು ಹಾಕಿ.

ಪ್ರೇಮಮ್ಮ


ಸೊಕ್ಕೆ
28 ಜುಲೈ 2024

ಪ್ರೇಮಮ್ಮನವರಿಗೆ,

ಈ ಕಾಗದವನ್ನು ಒಬ್ಬರೇ ಇದ್ದಾಗ ಓದಬೇಡಿ. ಸೊಸೆಯನ್ನು ಹತ್ತಿರ ಕೂರಿಸಿಕೊಳ್ಳಿ.

ಗಾದ್ರಮ್ಮ ಇಲ್ಲ. ನಿಮ್ಮ ಮೊದಲ ಕಾಗದ ನನ್ನ ಕೈಗೆ ಬರುವಾಗ ಅವಳು ಹೋಗಿ ಒಂದು ತಿಂಗಳಾಗಿತ್ತು. ಆ ಕಾರಿನಲ್ಲೇ ಹೋದಳು.

ಸಂಕ್ರಾಂತಿಯ ಮರುದಿನ ಜಗಳೂರಿನಲ್ಲಿ ಒಂದು ಮದುವೆಗೆ ಕಾರು ಒಪ್ಪಿಸಬೇಕಿತ್ತು. ನಾನೂ ಬರುತ್ತೇನೆ ಎಂದು ಹೂವಿನ ಬುಟ್ಟಿ ಹಿಡಿದು ಹಿಂದೆ ಕೂತಳು. ಮಗಳು ದುರ್ಗಾಂಬಿಕಾ ಅವಾಗ ಬಸುರಿ. ಅವಳ ಸೀಮಂತದ ಸೀರೆಯ ಮಾತನ್ನು ಗಾದ್ರಮ್ಮ ತೆಗೆದಳು. “ನ್ಯಾಮತಿ ಅಮ್ಮಾರ ಅಂಗಡೀಲೇ ತರಾನ ಬಿಡ್ರಿ, ಕಾರ್ ಐತಲ್ಲ” ಎಂದಳು. ಆ ಇಂಜಿನ್ನಿನ ಸದ್ದು ನಿಮಗೆ ಗೊತ್ತು. ಅವಳು ಕೂಗಿ ಮಾತಾಡುತ್ತಿದ್ದಳು, ನಾನು ಕೂಗಿ ಉತ್ತರ ಕೊಡುತ್ತಿದ್ದೆ. ಅಡ್ಡ ರಸ್ತೆಯಿಂದ ಒಂದು ಬೈಕು ನುಗ್ಗಿತು. ಬಲಕ್ಕೆ ಎಳೆದೆ. ಜೋರಾಗಿಯೇನೂ ಹೋಗುತ್ತಿರಲಿಲ್ಲ, ಸೈಕಲ್ಲಿನವನು ಹಿಂದೆ ಹಾಕುವಷ್ಟು ನಿಧಾನ. ಬೈಕಿನವನಿಗೆ ಏನೂ ಆಗಲಿಲ್ಲ. ಬಚಾವಾದೆವು ಅಂದುಕೊಂಡು, “ಯಾವ ಬಣ್ಣದ್ದು ತರಾನ?” ಎಂದು ಕೇಳಿದೆ. ಉತ್ತರ ಬರಲಿಲ್ಲ. ಎರಡನೇ ಸಲ ಕೇಳಿ ತಿರುಗಿ ನೋಡಿದರೆ ಹಿಂದಿನ ಸೀಟು ಖಾಲಿ, ಬಾಗಿಲು ಹಾರಾಡುತ್ತಿತ್ತು.

ಅವಳು ದೂರ ರಸ್ತೆಯ ಅಂಚಿನಲ್ಲಿ ಬಿದ್ದಿದ್ದಳು. ತಲೆಯ ಒಂದು ಕಡೆ ಬಿಟ್ಟರೆ ಮೈಗೆಲ್ಲೂ ಏಟಿರಲಿಲ್ಲ. ದಾವಣಗೆರೆ ಮುಟ್ಟುವ ಮೊದಲೇ ಮುಗಿಯಿತು. ಕೇಸು ನನ್ನ ಮೇಲೆ ಆಯಿತು. ಗಾಡಿ ಓಡಿಸುತ್ತಿದ್ದವನು ನಾನೇ ಅಲ್ಲವೇ. ಕಾರು ಪೊಲೀಸ್ ಸ್ಟೇಷನ್ನಿನ ಹಿಂದೆ ಬಿಸಿಲಿನಲ್ಲಿ ನಿಂತಿದೆ. ನೆರಳು ಎಂದು ಬರೆದದ್ದು ಸುಳ್ಳು. ಮದುವೆ ಸೀಸನ್ನೂ ಸುಳ್ಳು.

ಮೊದಲು ನಿಮ್ಮ ಕಾಗದ ಓದಿದಾಗ, ಗಂಡನನ್ನು ಕಳೆದುಕೊಂಡವರು, ಆ ಕಾರನ್ನು ನಂಬಿ ಜೀವ ಹಿಡಿದಿದ್ದಾರೆ, ಇರಲಿ ಬಿಡು ಎಂದುಕೊಂಡೆ. ಆಮೇಲೆ ಮೇ ತಿಂಗಳ ಕಾಗದ ಬಂತು. ಬಾಗಿಲಿನ ಸಾಲು ಓದಿದೆ. ಹರಿದು ಒಲೆಗೆ ಹಾಕೋಣವೆಂದು ಎದ್ದೆ. ನಿಮಗೆ ಗೊತ್ತಿತ್ತು, ಯಜಮಾನರಿಗೆ ಗೊತ್ತಿತ್ತು, ನಕ್ಕು ನಕ್ಕು ಹೇಳಿಕೊಳ್ಳುತ್ತಿದ್ದಿರಿ, ನನಗೆ ಮಾತ್ರ ಹೇಳಲಿಲ್ಲ. ರೇಡಿಯೇಟರು ತೋರಿಸಿದರು, ಚೋಕು ತೋರಿಸಿದರು. ಬಾಗಿಲು ತೋರಿಸಲಿಲ್ಲ. ನಿಮಗೆ ಶಾಪ ಹಾಕಿದೆ ಅಮ್ಮ. ನಿಮ್ಮ ಗಂಡ ಸತ್ತದ್ದು ಸರಿಯಾಯಿತು ಎಂದೂ ಒಂದು ರಾತ್ರಿ ಅಂದುಕೊಂಡೆ. ಇನ್ನು ನಿಮಗೆ ಬರೆಯಬಾರದು ಎಂದು ತೀರ್ಮಾನಿಸಿದ್ದೆ.

ಬರೆಯಿಸಿದವನು ನಿಮ್ಮ ಮಗ.

ಜುಲೈ ಮೊದಲ ವಾರ ಸತೀಶ್ ಇಲ್ಲಿಗೆ ಬಂದಿದ್ದ. ನನ್ನ ಕಾಗದವೊಂದನ್ನು ಪೋಸ್ಟಿನವನು ಅಂಗಡಿಯಲ್ಲಿ ಕೊಟ್ಟಿದ್ದನಂತೆ. ಸತೀಶ್ ಅದನ್ನು ಒಡೆಯದೆ ನಿಮಗೆ ತಲುಪಿಸಿದನಂತೆ, ಆದರೆ ಹಿಂದಿದ್ದ ಹೆಸರು ನೋಡಿ ಕಾರಿನ ವಿಷಯವೆಂದು ಅರ್ಥ ಮಾಡಿಕೊಂಡ. ಹೊನ್ನಾಳಿ, ದಾವಣಗೆರೆ, ಜಗಳೂರು ಎಂದು ಬಸ್ಸು ಬದಲಿಸಿ ಬದಲಿಸಿ ಬಂದು ಮಧ್ಯಾಹ್ನದ ಬಿಸಿಲಿನಲ್ಲಿ ಬಾಗಿಲಲ್ಲಿ ನಿಂತ. “ಅಣ್ಣಾ, ಆ ಕಾರು ನಮಗೆ ವಾಪಸ್ ಕೊಡ್ರಿ. ಎಷ್ಟಾದ್ರೂ ಆಗ್ಲಿ. ಅಮ್ಮ ನನ್ನ ಹತ್ರ ಮಾತಾಡಿ ಬಾಳ ದಿನ ಆಯ್ತು. ಅದನ್ನ ತಂದು ಅಂಗಳದಾಗೆ ನಿಲ್ಸಿದ್ರೆ ಒಂದು ಮಾತು ಆಡ್ತಾಳೇನೋ” ಎಂದ.

ಅವನ ಮೇಲೂ ಕೂಗಾಡಬೇಕೆಂದಿದ್ದೆ. ಒಳಗೆ ಕರೆದೆ. ಗೋಡೆಯ ಮೇಲೆ ಹಾರ ಹಾಕಿದ್ದ ಗಾದ್ರಮ್ಮನ ಫೋಟೋ ನೋಡಿದ. “ಯಾವಾಗ?” ಎಂದ. ಹೇಳಿದೆ. ಪೂರ್ತಿ ಕೇಳುವ ಮುಂಚೆಯೇ, “ಎಡಗಡೆ ಬಾಗ್ಲಾ?” ಎಂದು ಕೇಳಿ, ನಿಂತವನು ಹಾಗೇ ಗೋಡೆಗೆ ಒರಗಿ ಕೂತುಬಿಟ್ಟ. ಮಗಳು ಕೊಟ್ಟ ನೀರನ್ನು ಮುಟ್ಟಲಿಲ್ಲ. “ಆ ಬಾಗ್ಲು ನೋಡೇ ಅಣ್ಣಾ ನಾನು ಕಾರು ಮಾರ್ಸಿದ್ದು. ಅಮ್ಮ ಒಂದಿನ ಬಿದ್ದುಬಿಡ್ತಾಳೆ ಅಂತ ಹೆದರಿಕೆ ಇತ್ತು. ಗುಜರಿಗೆ ಹಾಕಾನ ಅಂದೆ, ಅಪ್ಪ ಒಪ್ಪಲಿಲ್ಲ. ಓಡೋ ಕಾರು ಅಂದ್ರು. ನೀವು ಬಂದ ದಿನ ನಾನು ಊರಾಗೆ ಇದ್ದಿದ್ರೆ ಹೇಳ್ತಿದ್ದೆ” ಎಂದ.

ಹೊರಡುವಾಗ ನನ್ನ ಕಾಲು ಮುಟ್ಟಲು ಬಗ್ಗಿದ. “ಅಮ್ಮನಿಗೆ ಇದನ್ನ ಹೇಳಬ್ಯಾಡ್ರಿ. ಆ ಕಾರು ಒಂದು ಒಳ್ಳೇದಿತ್ತು ಅಂತ ನಂಬ್ಕೊಂಡು ದಿನ ತಳ್ತಿದಾಳೆ. ಅದನ್ನೂ ಕಿತ್ಕೊಂಡ್ರೆ ಅವಳಿಗೆ ಏನು ಉಳೀತೈತೆ? ನನ್ನ ಮ್ಯಾಲೆ ಸಿಟ್ಟು ಇದ್ರೆ ಇರ್ಲಿ. ನಾನು ತಡಕಂತೀನಿ” ಎಂದ.

ಅವನ ಮಾತನ್ನು ನಾನು ಉಳಿಸಿಕೊಳ್ಳಲಿಲ್ಲ. ಇಪ್ಪತ್ತು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ. ನೀವು ಅಳುವಿರೆಂದು ಗೊತ್ತು. ಆದರೆ ಅವನು ಬಸ್ಸಿನ ಕಡೆ ನಡೆದುಹೋದದ್ದನ್ನು ನೀವು ನೋಡಬೇಕಿತ್ತು. ನಮ್ಮ ಮನೆಯಲ್ಲಿ ಸತ್ತವಳು ಒಬ್ಬಳು, ನಿಮ್ಮ ಮನೆಯಲ್ಲಿ ಒಬ್ಬರು ಹೋಗಿ ಇನ್ನೊಬ್ಬ ಹೋಗುತ್ತಿದ್ದಾನೆ.

ರಂಗಣ್ಣ


ನ್ಯಾಮತಿ
22 ಸೆಪ್ಟೆಂಬರ್ 2024

ತಮ್ಮ ರಂಗಣ್ಣನಿಗೆ,

ನಿನ್ನ ಕಾಗದ ಬಂದು ಒಂದೂವರೆ ತಿಂಗಳ ಮೇಲಾಯಿತು. ಎಷ್ಟೋ ಸಲ ಬರೆಯಲು ಕೂತು ಎದ್ದೆ. ನಿನಗಿಂತ ಹಿರಿಯಳು ನಾನು, ತಮ್ಮ ಎನ್ನುತ್ತೇನೆ. ಆ ಹಕ್ಕು ನನಗಿಲ್ಲ ಎನಿಸಿದರೆ ಈ ಕಾಗದವನ್ನು ಒಲೆಗೆ ಹಾಕು, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನೀವು ಬಂದ ದಿನ ಬಾಗಿಲಿನ ಮಾತು ನನ್ನ ನಾಲಿಗೆಯ ತನಕ ಬಂದಿತ್ತು ಎಂದು ಬರೆಯಬಹುದು. ಬಂದಿರಲಿಲ್ಲ. ನಮಗದು ಬಾಗಿಲೇ ಆಗಿರಲಿಲ್ಲ, ಅಭ್ಯಾಸವಾಗಿತ್ತು. ಗಾದ್ರಮ್ಮ ಆ ಸೀಟಿನಲ್ಲೇ, ಆ ಬಾಗಿಲಿಗೇ ಒರಗಿ ಕೂತಿದ್ದರು. ನಾನು ಎದುರು ನಿಂತು ಅವರ ನಗು ನೋಡುತ್ತಿದ್ದೆ.

ನಮ್ಮವರ ವಿಷಯದಲ್ಲಿ ಒಂದನ್ನು ನಿನಗೆ ಬರೆದಿರಲಿಲ್ಲ. ಅವರು ಬೆಲ್ಟ್ ಹಾಕಿಕೊಂಡಿರಲಿಲ್ಲ. ಹೊಸ ಕಾರು ಕೂಗುತ್ತಿದ್ದದ್ದು ಅದಕ್ಕೇ. ಕೂಗು ನಿಲ್ಲಲಿ ಎಂದು ಬೆಲ್ಟನ್ನು ಬೆನ್ನ ಹಿಂದಿನಿಂದ ಸಿಕ್ಕಿಸಿ ಅದರ ಮುಂದೆ ಕೂರುತ್ತಿದ್ದರು. ಆಸ್ಪತ್ರೆಯಲ್ಲಿ ಸತೀಶ ಹೇಳಿದ್ದ, “ಅವತ್ತೂ ಹಾಕ್ಕೊಳ್ರೀ ಅಪ್ಪಾ ಅಂದೆ ಕಣಮ್ಮ. ನಾನೇನು ಕಟ್ಟಿಹಾಕೋ ದನವೇನೋ ಅಂದ್ರು.” ನಾನು ಕಿವಿ ಮುಚ್ಚಿಕೊಂಡೆ. ಸತ್ತವರ ಮೇಲೆ ತಪ್ಪು ಹಾಕುತ್ತಾನೆ ಎಂದು ಬೈದೆ. ಆ ದಿನದಿಂದಲೇ ಮಾತು ಬಿಟ್ಟದ್ದು.

ನಿನ್ನ ಕೇಸು ಏನಾಯಿತು ಬರೆ. ಆ ಬಾಗಿಲು ಹಾಗಿತ್ತು ಎಂದು ಯಾರ ಮುಂದೆ ಬೇಕಾದರೂ ಬಂದು ಹೇಳುತ್ತೇನೆ. ಸತೀಶನೂ ಬರುತ್ತಾನೆ. ಪೊಲೀಸರು ಕಾರನ್ನು ಬಿಟ್ಟುಕೊಟ್ಟ ದಿನ ಗುಜರಿಯವನಿಗೆ ಹಾಕು. ನನಗೆ ಅದರ ಒಂದು ಮೊಳೆಯೂ ಬೇಡ. ನೀನು ಬೈಕಿನ ಹುಡುಗನನ್ನು ಉಳಿಸಲು ಎಳೆದೆ. ಅದನ್ನು ತಪ್ಪು ಎಂದುಕೊಂಡು ಕೂರಬೇಡ. ಈ ಮಾತನ್ನು ನಿನಗೆ ಹೇಳುವ ಬಾಯಿ ನನ್ನದಾಗಬಾರದಿತ್ತು. ಆದರೂ ಹೇಳುತ್ತಿದ್ದೇನೆ.

ಜನವರಿಯಲ್ಲಿ ಗಾದ್ರಮ್ಮನ ವರ್ಷದ ಕಾರ್ಯಕ್ಕೆ ನೀನು ಕರೆದರೆ ನಾವು ಬರುತ್ತೇವೆ. ಕರೆಯದಿದ್ದರೆ ಅದೂ ಸರಿ.

ಇನ್ನೊಂದು ವಿಷಯ ಬರೆದು ಮುಗಿಸುತ್ತೇನೆ.

ನಿನ್ನ ಕಾಗದ ಓದಿದ ಮೇಲೂ ಸತೀಶನ ಜೊತೆ ತಕ್ಷಣ ಮಾತಾಡಲು ನನಗೆ ಆಗಲಿಲ್ಲ. ಇವತ್ತು ಭಾನುವಾರ, ಅಂಗಡಿ ರಜ. ಮಧ್ಯಾಹ್ನ ಅವನು ಜಗಲಿಯ ಮೇಲೆ ಕೂತಿದ್ದ. “ಸತೀಶಾ, ಊಟಕ್ಕೆ ಬಾರಪ್ಪ” ಎಂದೆ. ಒಳಗೆ ಪ್ರಮೀಳಾ ಸಾರು ಬಗ್ಗಿಸುತ್ತಿದ್ದವಳು ಹಾಗೇ ನಿಂತಳು. ಅವನು ಬಂದ. ತಟ್ಟೆಯ ಮುಂದೆ ಕೂತ. ಕೈ ಹಾಕಲಿಲ್ಲ.

“ನೀನು ಉಣ್ಣಮ್ಮ. ನಾನು ಆಮ್ಯಾಲೆ ಉಣ್ತೀನಿ” ಎಂದ.

“ಯಾಕೋ? ನನ್ನ ಜೊತೆ ಉಣ್ಣಾಕೂ ಬ್ಯಾಡ್ವಾ?”

ಪ್ರಮೀಳಾ ಹೇಳಿದಳು. “ಅತ್ತೇ, ಅವರ ಬಲಗೈ ಬಾಯಿತನಕ ಬರಲ್ಲ. ಪ್ಲಾಸ್ಟರ್ ಬಿಚ್ಚಿದಾಗಿಂದ ಹಂಗೇ ಐತೆ. ಎಡಗೈಯಾಗೆ ಚಮಚ ಹಿಡ್ಕೊಂಡು ಉಣ್ತಾರೆ. ನಿಮ್ಮ ಕಣ್ಣಿಗೆ ಬೀಳಬಾರ್ದು ಅಂತಾನೇ ಅಂಗಡಿಗೆ ಡಬ್ಬಿ ತರಿಸ್ಕೊಳ್ಳೋದು.”

ಮೂಳೆಯ ಡಾಕ್ಟರು ಇನ್ನು ಇಷ್ಟೇ ಎಂದಿದ್ದಾರಂತೆ. ಅಂಗಡಿಯಲ್ಲಿ ಬಟ್ಟೆ ಅಳೆದು ಹರಿಯುವುದು ಈಗ ಪ್ರಮೀಳಾ ಅಂತೆ. ನ್ಯಾಮತಿಗೆಲ್ಲ ಗೊತ್ತು. ಪ್ಲಾಸ್ಟರು ಬಿಚ್ಚಿಸಿಕೊಂಡು ಬಂದ ದಿನ ನಾನು ಬಾಗಿಲಲ್ಲೇ ಇದ್ದೆ, ಮುಖ ಆ ಕಡೆ ತಿರುಗಿಸಿದ್ದೆ. ಅದೇ ಮನೆಯಲ್ಲಿ, ಅದೇ ನೀರು ಕುಡಿದುಕೊಂಡು ಇಷ್ಟು ದಿನ ಇದ್ದೇನೆ. ನನ್ನ ಮಗನ ಕೈ ಏಳುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ.

ಅನ್ನಕ್ಕೆ ಸಾರು ಕಲಸಿ ತುತ್ತು ಮಾಡಿ ಅವನ ಬಾಯಿಯ ಹತ್ತಿರ ಹಿಡಿದೆ. ಬೇಡ ಎನ್ನಲಿಲ್ಲ. ತಲೆಯಲ್ಲಿ ಬಿಳಿ ಕೂದಲು ಬಂದಿರುವ ಮಗ, ಬಾಯಿ ತೆರೆದ. ಮೊದಲ ತುತ್ತು ನುಂಗಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನಾನು ಮುಂದಿನ ತುತ್ತು ಹಿಡಿದುಕೊಂಡು ಕಾದೆ.

ನಿನ್ನ ಅಕ್ಕ,
ಪ್ರೇಮಮ್ಮ